ಟಿ.ವಿ. ಪಕ್ಕದ ಪುಟ್ಟ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ 43 ಇಂಚಿನ 4ಕೆ ಟಿ.ವಿ.ಗೆ ಜೋಡಿಸಲು ಸಣ್ಣ ಕಂಪ್ಯೂಟರೊಂದನ್ನು ಬಿಡಿಭಾಗಗಳಿಂದ ನಾನೇ ಕಟ್ಟಬೇಕೆಂದಿದ್ದೇನೆ. ಮನೆಯ ಸಮಾರಂಭಗಳ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್‌ಗಳು, ನಾವು ಕೊಂಡ ಡಿವಿಡಿ ಮತ್ತು ಬ್ಲೂ-ರೇಗಳಲ್ಲಿರುವ ಚಿತ್ರಗಳು ಎಲ್ಲವೂ ಒಂದೇ ಕಡೆ ಸಿಗುವಂತಾಗಬೇಕು. 20,000 ರೂಪಾಯಿ ಮೀರುವಂತಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 4ಕೆ ಓಡುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
— ಓದುಗರು, ಶಿವಮೊಗ್ಗ

ಉತ್ತರ: ನಿಜವಲ್ಲ. ಕಂಪ್ಯೂಟರ್ ಆಟಗಳಿಗೆ ಬೇಕಾಗುವಂಥ ಗ್ರಾಫಿಕ್ಸ್ ಶಕ್ತಿ ಚಿತ್ರ ನೋಡುವುದಕ್ಕೆ ಬೇಡ. ಬೇಕಾದದ್ದು ವಿಡಿಯೊ ಯಾವ ಕುಗ್ಗಿಸುವ ವಿಧಾನದಲ್ಲಿ, ಅಂದರೆ ಯಾವ ಕೋಡೆಕ್‌ನಲ್ಲಿ ಅಡಕವಾಗಿದೆಯೋ ಅದನ್ನು ಬಿಡಿಸುವುದಕ್ಕೆಂದೇ ಚಿಪ್‌ನೊಳಗೆ ಮೀಸಲಾಗಿರುವ ಡಿಕೋಡರ್, ಮತ್ತು ಅದು ಬಹುತೇಕ ಪ್ರೊಸೆಸರ್‌ಗಳ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲಿಯೇ ಸೇರಿಕೊಂಡಿರುತ್ತದೆ. ಸರಿಯಾದ ಡಿಕೋಡರ್ ಇದ್ದರೆ ಕೇವಲ 6 ವ್ಯಾಟ್‌ನ ಪ್ರೊಸೆಸರ್ ಕೂಡ 4ಕೆ ಚಿತ್ರವನ್ನು ತಡವರಿಸದೆ ತೋರಿಸುತ್ತದೆ. ಇಲ್ಲದಿದ್ದರೆ ಕೆಲಸವೆಲ್ಲ ಪ್ರೊಸೆಸರ್‌ನ ಕೋರ್‌ಗಳ ಮೇಲೆ ಬಿದ್ದು, ಅದಕ್ಕಿಂತ ಎಷ್ಟೋ ದುಬಾರಿಯಾದ ಯಂತ್ರವೂ ಬಿಸಿಯೇರಿ, ಫ್ಯಾನ್ ಅರಚತೊಡಗಿ, ಚಿತ್ರ ಅಲ್ಲಲ್ಲಿ ನಿಂತು ನಿಂತು ಸಾಗಬಹುದು. ಆದ್ದರಿಂದ ಅಂಗಡಿಯಲ್ಲಿ ಗಿಗಾಹರ್ಟ್ಸ್ ಎಷ್ಟು, ಕೋರ್ ಎಷ್ಟು ಎಂದು ಕೇಳುವುದಕ್ಕೂ ಮೊದಲು ಯಾವ ಕೋಡೆಕ್‌ಗಳನ್ನು ಹಾರ್ಡ್‌ವೇರ್‌ನಲ್ಲಿಯೇ ಬಿಡಿಸುತ್ತದೆ ಎಂದು ಕೇಳಿ.

ಕೋಡೆಕ್‌ಗಳಲ್ಲಿ ಡಿವಿಡಿಯ ಎಂಪೆಗ್-2 ಮತ್ತು ಸಾಮಾನ್ಯ ಬ್ಲೂ-ರೇಯ ಎಚ್.264 ಯಾವ ಯಂತ್ರಕ್ಕೂ ಕಷ್ಟವಲ್ಲ. 4ಕೆ ಚಿತ್ರಗಳಲ್ಲಿ ಹೆಚ್ಚಾಗಿ ಬಳಕೆಯಾಗುವ 10 ಬಿಟ್ ಎಚ್‌ಇವಿಸಿಗೆ ಇಂಟೆಲ್‌ನಲ್ಲಿ 7ನೇ ತಲೆಮಾರಿನಿಂದ ಪೂರ್ಣ ಬೆಂಬಲ ಇದೆ. ಯೂಟ್ಯೂಬ್‌ನಲ್ಲಿ ಹೆಚ್ಚುತ್ತಿರುವ ಎವಿ1ಗೆ ಇಂಟೆಲ್ 11ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಎಎಂಡಿಯ ರೈಜೆನ್ 5600ಜಿ ಒಳ್ಳೆಯ ಪ್ರೊಸೆಸರ್ ಆದರೂ ಅದರಲ್ಲಿ ಎವಿ1 ಡಿಕೋಡರ್ ಇಲ್ಲ ಎಂಬುದನ್ನು ಕೊಳ್ಳುವ ಮೊದಲು ತಿಳಿದಿರಬೇಕು.

ಇನ್ನು ನೀವೇ ಕಟ್ಟುವ ವಿಚಾರ. ಸಣ್ಣ ಪೆಟ್ಟಿಗೆಗೆ ಹೊಂದುವ, 17 ಸೆಂ.ಮೀ. ಚದರದ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್‌ಗಳು ನಮ್ಮ ಮಾರುಕಟ್ಟೆಯಲ್ಲಿ ದೊಡ್ಡ ಮೈಕ್ರೊ-ಎಟಿಎಕ್ಸ್ ಬೋರ್ಡ್‌ಗಳಿಗಿಂತ ದುಬಾರಿ; ಅದಕ್ಕೆ ಪ್ರತ್ಯೇಕ ಪ್ರೊಸೆಸರ್, ಪವರ್ ಸಪ್ಲೈ ಮತ್ತು ಕ್ಯಾಬಿನೆಟ್ ಸೇರಿದರೆ ನಿಮ್ಮ ಹಣ ಅಲ್ಲಿಗೇ ಮುಗಿಯುತ್ತದೆ. ಕಟ್ಟುವ ಸಂತೋಷವನ್ನು ನಾನು ಬಲ್ಲೆ, ಆದರೂ ನಿಮ್ಮ ಮಿತಿಯೊಳಗೆ ನಾನು ಸೂಚಿಸುವುದು 2023ರ ಆರಂಭದಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿಯನ್ನು, ಇಲ್ಲವೇ ಅದೇ ಪ್ರೊಸೆಸರನ್ನು ಬೆಸೆದುಕೊಂಡು ಬರುವ ಬೋರ್ಡನ್ನು. ಎಚ್‌ಇವಿಸಿ, ವಿಪಿ9, ಎವಿ1 ಮೂರನ್ನೂ ಅದು ಬಿಡಿಸುತ್ತದೆ. ಅದರ ಮೆಮೊರಿ ಒಂದೇ ಚಾನೆಲ್‌ನದ್ದಾದ್ದರಿಂದ 8 ಜಿಬಿಯ ಒಂದು ರ‍್ಯಾಮ್ ಕಡ್ಡಿ ಸಾಕು. ರ‍್ಯಾಮ್ ಬೆಲೆ 2025ರ ಕೊನೆಯಿಂದ ವಿಪರೀತ ಏರಿರುವುದರಿಂದ, ಮನೆಯಲ್ಲಿ ಕೆಟ್ಟ ಲ್ಯಾಪ್‌ಟಾಪ್ ಇದ್ದರೆ ಅದರ ಡಿಡಿಆರ್4 ಕಡ್ಡಿಗೆ ಹೊಂದುವ ಬೋರ್ಡನ್ನೇ ಹುಡುಕುವುದು ಜಾಣತನ. ಕೊಳ್ಳುವಾಗ ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸ ಕಿಂಡಿ ಇದೆಯೇ, ಫ್ಯಾನ್‌ನ ಸದ್ದು ಎಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಿ. ನಿಶ್ಶಬ್ದ ದೃಶ್ಯದಲ್ಲಿ ಗುಂಯ್‌ಗುಡುವ ಪುಟ್ಟ ಫ್ಯಾನ್ ಎಂಥ ಚಿತ್ರವನ್ನೂ ಕೆಡಿಸುತ್ತದೆ. ಉಳಿಸಿದ ಹಣವನ್ನು ಫ್ಯಾನ್ ಇಲ್ಲದ ಮಾದರಿಗೆ ಹಾಕಿದರೆ ವ್ಯರ್ಥವಾಗದು. ಅಂಥದ್ದನ್ನು ಟಿ.ವಿ. ಕಪಾಟಿನ ಮುಚ್ಚಿದ ಖಾನೆಯಲ್ಲಿ ಮಾತ್ರ ಇಡಬೇಡಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳು ಬಳಸಿ ಬಿಟ್ಟ, 7ನೇ ತಲೆಮಾರಿನ ಕೋರ್ ಐ5 ಇರುವ ಪುಟ್ಟ ಕಂಪ್ಯೂಟರ್‌ಗಳು ಅಗ್ಗಕ್ಕೆ ಸಿಗುತ್ತಿವೆ. ಅವಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲವಂತೆ. ಕೊಳ್ಳಬಹುದೇ?
— ಓದುಗರು, ತುಮಕೂರು

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಅವು ಅಗ್ಗವಾಗಿರುವುದಕ್ಕೆ ನೀವು ಹೇಳಿದ್ದೇ ಒಂದು ಮುಖ್ಯ ಕಾರಣ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನದ್ದನ್ನು ಕೇಳುತ್ತದೆ. ಆದರೆ ಟಿ.ವಿ. ಪಕ್ಕದ ಯಂತ್ರಕ್ಕೆ ವಿಂಡೋಸ್ ಬೇಕಿಲ್ಲ. ಲಿಬ್ರೆಎಲೆಕ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದರೆ ಕಂಪ್ಯೂಟರ್ ನೇರವಾಗಿ ಕೋಡಿ ಎಂಬ ಮಾಧ್ಯಮ ತಂತ್ರಾಂಶದಲ್ಲಿಯೇ ತೆರೆದುಕೊಳ್ಳುತ್ತದೆ.

ಪ್ರೊಸೆಸರ್‌ನ ಸಂಖ್ಯೆಯನ್ನು ನೀವೇ ಓದಿ ನೋಡಿ: ಐ5-7500ಟಿ ಎಂದಿದ್ದರೆ 7ನೇ ತಲೆಮಾರು, ಐ5-6500ಟಿ ಎಂದಿದ್ದರೆ 6ನೆಯದು. ನೋಡಲು ಎರಡೂ ಒಂದೇ ತೆರನಾದ ಪೆಟ್ಟಿಗೆಯಲ್ಲಿ ಬರಬಹುದಾದರೂ 10 ಬಿಟ್ ಎಚ್‌ಇವಿಸಿಯ ಪೂರ್ಣ ಡಿಕೋಡರ್ 6ನೆಯದರಲ್ಲಿ ಇಲ್ಲ. ಬೆಲೆ ಎಷ್ಟೇ ಇಳಿಸಿದರೂ 4ಕೆ ನೋಡುವವರು ಅದನ್ನು ಕೊಳ್ಳಬಾರದು.

ಎರಡನೆಯ ತೊಡಕು ಹಿಂಬದಿಯ ಕಿಂಡಿಗಳದ್ದು. ಆ ಕಾಲದ ಬಹಳಷ್ಟು ಯಂತ್ರಗಳ ಎಚ್‌ಡಿಎಂಐ ಕಿಂಡಿ 1.4 ಆವೃತ್ತಿಯದಾಗಿದ್ದು, 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. ಪಕ್ಕದಲ್ಲಿರುವ ಡಿಸ್‌ಪ್ಲೇಪೋರ್ಟ್ 1.2 ಕಿಂಡಿ 60 ಸಲ ಕಳಿಸುತ್ತದೆ, ಆದ್ದರಿಂದ ಅಲ್ಲಿಂದ ಎಚ್‌ಡಿಎಂಐ 2.0ಗೆ ಬದಲಿಸುವ ಆ್ಯಕ್ಟಿವ್ ಕನ್ವರ್ಟರ್ ಒಂದನ್ನು ಕೊಳ್ಳಬೇಕಾಗುತ್ತದೆ. ಆ್ಯಕ್ಟಿವ್ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅಗ್ಗದ ಪ್ಯಾಸಿವ್ ಕನ್ವರ್ಟರ್ ಹಾಕಿದರೆ ಪುನಃ 30ಕ್ಕೇ ಬಂದು ನಿಲ್ಲುತ್ತೀರಿ. ಈ ದಾರಿಯಲ್ಲಿ ಬೆಳಕು ಮತ್ತು ಬಣ್ಣಗಳನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ಎಚ್‌ಡಿಆರ್ ನಿರೀಕ್ಷಿಸಬೇಡಿ. ಅದು ಬೇಕೇ ಬೇಕೆಂದರೆ ಎನ್100 ಕಡೆಗೆ ಹೋಗುವುದೇ ಸರಿ. ಅದೇ ಕಂಪನಿಯ ಪವರ್ ಅಡಾಪ್ಟರ್ ಸಮೇತ ಕೊಡುವಂತೆ ಕೇಳಿ, ಮನೆಗೆ ತಂದ ಮೇಲೆ ಒಳಗಿನ ದೂಳು ತೆಗೆಸಿ, ಪ್ರೊಸೆಸರ್‌ನ ಶಾಖವನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಹಳೆಯ ಯಂತ್ರ ಸದ್ದು ಮಾಡುವುದಕ್ಕೆ ಒಣಗಿಹೋದ ಆ ಪೇಸ್ಟ್ ಎಷ್ಟೋ ಸಲ ಕಾರಣವಾಗಿರುತ್ತದೆ.

ಪ್ರಶ್ನೆ: ಇದೇ ಕಂಪ್ಯೂಟರಿನಲ್ಲಿ ಒಟಿಟಿ ಚಿತ್ರಗಳನ್ನೂ 4ಕೆಯಲ್ಲಿ ನೋಡಬಹುದಲ್ಲವೇ?
— ಓದುಗರು, ಹುಬ್ಬಳ್ಳಿ

ಉತ್ತರ: ನೋಡಲಾಗದು ಎಂದುಕೊಂಡೇ ಯೋಜಿಸಿ. ಒಟಿಟಿ ಸೇವೆಗಳು ಎಷ್ಟು ಸ್ಪಷ್ಟವಾದ ಚಿತ್ರವನ್ನು ಕಳಿಸುತ್ತವೆ ಎಂಬುದು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ನಕಲು ತಡೆಯುವ ವೈಡ್‌ವೈನ್‌ನಂಥ ವ್ಯವಸ್ಥೆಯಲ್ಲಿ ಆ ಯಂತ್ರಕ್ಕೆ ಸಿಕ್ಕಿರುವ ದರ್ಜೆಯನ್ನು ಅವಲಂಬಿಸಿದೆ. ಲಿನಕ್ಸ್ ಬ್ರೌಸರ್‌ಗಳಿಗೂ ಕೋಡಿಗೂ ಸಿಗುವುದು ಎಲ್3 ಎಂಬ ಕೆಳದರ್ಜೆ, ಅದಕ್ಕೆ 4ಕೆ ಬರುವುದಿಲ್ಲ. ಎಲ್1 ದರ್ಜೆ ಪಡೆದ ಅಗ್ಗದ ಸ್ಟ್ರೀಮಿಂಗ್ ಕಡ್ಡಿಗಳು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ, ನಿಮ್ಮ ಟಿ.ವಿ.ಯಲ್ಲಿಯೇ ಆ ಆ್ಯಪ್‌ಗಳಿದ್ದರೆ ಅದೂ ಬೇಡ. ಒಟಿಟಿ ಬಿಟ್ಟು ಬೇರೇನನ್ನೂ ನೋಡದವರಿಗೆ ಈ ಕಂಪ್ಯೂಟರಿನ ಅಗತ್ಯವೇ ಇಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ವಂತ ಸಂಗ್ರಹ ಇರುವವರಿಗೆ ಮಾತ್ರ ಅದು ಬೆಲೆಯುಳ್ಳದ್ದು.

ಪ್ರಶ್ನೆ: ಚಿತ್ರಗಳನ್ನಿಡಲು ಎಸ್‌ಎಸ್‌ಡಿಯೇ ಬೇಕೆ, ಹಾರ್ಡ್‌ಡಿಸ್ಕ್ ಸಾಕೆ? ನಮ್ಮಲ್ಲಿ ವಿದ್ಯುತ್ ಆಗಾಗ ಹೋಗುತ್ತಿರುತ್ತದೆ.
— ಓದುಗರು, ಶಿರಸಿ

ಉತ್ತರ: ಹಾರ್ಡ್‌ಡಿಸ್ಕ್ ಸಾಕು. ಬ್ಲೂ-ರೇ ಚಿತ್ರವೊಂದು ಸೆಕೆಂಡಿಗೆ ಹೆಚ್ಚೆಂದರೆ 54 ಮೆಗಾಬಿಟ್, 4ಕೆ ಬ್ಲೂ-ರೇ ಹೆಚ್ಚೆಂದರೆ 128 ಮೆಗಾಬಿಟ್ ಮಾಹಿತಿ ಕೇಳುತ್ತದೆ. ಎರಡನೆಯದು ಸಹ ಸೆಕೆಂಡಿಗೆ 16 ಮೆಗಾಬೈಟ್ ಮಾತ್ರ, ಸಾಧಾರಣ ಹಾರ್ಡ್‌ಡಿಸ್ಕ್ ಅದರ ಎಷ್ಟೋ ಪಟ್ಟು ವೇಗವಾಗಿ ಓದುತ್ತದೆ. ವ್ಯವಸ್ಥೆಯನ್ನು ಹಾಕಲು 128 ಜಿಬಿಯ ಅತ್ಯಂತ ಸಾಮಾನ್ಯ ಎಸ್‌ಎಸ್‌ಡಿ ಇರಲಿ. ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ಕೇಬಲ್ ಎಳೆಯುವವರು ಮಾತ್ರ ಗಿಗಾಬಿಟ್ ಸಂಪರ್ಕ ಇರುವಂತೆ ನೋಡಿಕೊಳ್ಳಬೇಕು, 100 ಮೆಗಾಬಿಟ್‌ನ ಹಳೆಯ ಸ್ವಿಚ್ಚು 4ಕೆ ಬ್ಲೂ-ರೇಗೆ ಸಾಲದು.

ವಿದ್ಯುತ್ ಹಠಾತ್ತನೆ ಹೋಗುವುದು ತಿರುಗುತ್ತಿರುವ ಡಿಸ್ಕಿಗೂ ಅದರಲ್ಲಿರುವ ಕಡತಗಳಿಗೂ ಒಳ್ಳೆಯದಲ್ಲ. ಅನೇಕ ಎನ್100 ಮಿನಿ ಪಿಸಿಗಳು 12 ವೋಲ್ಟ್ ಅಡಾಪ್ಟರ್‌ನಿಂದಲೇ ನಡೆಯುವುದರಿಂದ, ರೂಟರ್‌ಗಳಿಗೆಂದು ಮಾರುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಅಡಾಪ್ಟರ್ ಮೇಲೆ ಬರೆದಿರುವಷ್ಟು ಆಂಪಿಯರ್ ಅದು ಕೊಡುವುದೇ, ಪಿನ್ ಹೊಂದುವುದೇ ಎಂದು ನೋಡಿಯೇ ತನ್ನಿ. ವಿದ್ಯುತ್ ಬಿಲ್ಲಿನ ಚಿಂತೆ ಬೇಡ: ಸುಮಾರು 10 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೂ 30 ದಿನಕ್ಕೆ 7.2 ಯೂನಿಟ್. ಸಿನಿಮಾಗಳು ಕಳೆದುಹೋದರೆ ಮತ್ತೆ ಸಿಗುತ್ತವೆ, ಮನೆಯವರ ವಿಡಿಯೊಗಳು ಸಿಗುವುದಿಲ್ಲ; ಅವುಗಳ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತುಂಬಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ. ಅಗ್ಗದ ಲೆಕ್ಕಾಚಾರದಲ್ಲಿ ಇದೊಂದನ್ನು ಬಿಡಬೇಡಿ.

ಪ್ರಶ್ನೆ: ಕ್ಯಾಮೆರಾ ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುವಾಗ ಚಿತ್ರ ಸಣ್ಣಗೆ ಜಗ್ಗಿದಂತೆ ಕಾಣುತ್ತದೆ. ಯಂತ್ರ ದುರ್ಬಲವಾಯಿತೇ?
— ಓದುಗರು, ಉಡುಪಿ

ಉತ್ತರ: ಬಹುಪಾಲು ಅಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿರುತ್ತವೆ, ನಿಮ್ಮ ಟಿ.ವಿ. 60 ಸಲ ತೋರಿಸುತ್ತದೆ. 60ನ್ನು 24ರಿಂದ ಸಮನಾಗಿ ಭಾಗಿಸಲಾಗದ್ದರಿಂದ ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಕಾಣಿಸಿಕೊಂಡು ಚಲನೆಯ ಲಯ ತಪ್ಪುತ್ತದೆ. ಕೋಡಿಯ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟನ್ನು, ಅಂದರೆ ಟಿ.ವಿ. ಸೆಕೆಂಡಿಗೆ ಎಷ್ಟು ಸಲ ತೋರಿಸಬೇಕೆಂಬುದನ್ನು, ಚಿತ್ರಕ್ಕೆ ಹೊಂದಿಸುವ ಆಯ್ಕೆಯಿದೆ, ಅದನ್ನು ಚಾಲೂ ಮಾಡಿ. ನಮ್ಮ ದೇಶದ ಡಿವಿಡಿಗಳೂ ಹಳೆಯ ಮದುವೆ ವಿಡಿಯೊಗಳೂ ಸಾಮಾನ್ಯವಾಗಿ ಪಾಲ್ ಪದ್ಧತಿಯವು, ಅಂದರೆ ಸೆಕೆಂಡಿಗೆ 25 ಚೌಕಟ್ಟಿನವು; ಅವಕ್ಕೆ 50 ಹರ್ಟ್ಸ್ ತಾನಾಗಿ ಹೊಂದಿಕೊಳ್ಳುತ್ತದೆ. ಅವುಗಳಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಂಡರೆ ಡಿಇಂಟರ್‌ಲೇಸ್ ಆಯ್ಕೆಯನ್ನೂ ಒತ್ತಿ. ಹೊಸ ಯಂತ್ರಕ್ಕೆ ಹಣ ಹಾಕುವ ಮೊದಲು ಇವೆರಡನ್ನೂ ಮಾಡಿ ನೋಡಿ.

ಪ್ರಶ್ನೆ: ಟಿ.ವಿ. ರಿಮೋಟಿನಿಂದಲೇ ಕಂಪ್ಯೂಟರನ್ನು ನಡೆಸಬಹುದೇ?
— ಓದುಗರು, ಮೈಸೂರು

ಉತ್ತರ: ಸಾಮಾನ್ಯ ಕಂಪ್ಯೂಟರ್‌ಗಳ ಎಚ್‌ಡಿಎಂಐ ಕಿಂಡಿಯಲ್ಲಿ ಅದಕ್ಕೆ ಬೇಕಾದ ಸಿಇಸಿ ಸೌಲಭ್ಯ ಇರುವುದು ಅಪರೂಪ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈಯಲ್ಲಿ ಇದೆ. ನಿಮಗೆ ಸುಲಭವಾದದ್ದು ಯುಎಸ್‌ಬಿ ರಿಸೀವರ್ ಜೊತೆಗೆ ಬರುವ ಪುಟ್ಟ ನಿಸ್ತಂತು ರಿಮೋಟ್. ಯುಎಸ್‌ಬಿ 3 ಕಿಂಡಿಯೂ ಅದಕ್ಕೆ ಸಿಕ್ಕಿಸಿದ ಡಿಸ್ಕೂ ಹೊಮ್ಮಿಸುವ ಗದ್ದಲ ಅದೇ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಿಯಾಗುವುದರಿಂದ, ಒತ್ತಿದ ಗುಂಡಿ ಕೆಲವೊಮ್ಮೆ ಕೆಲಸ ಮಾಡದಿದ್ದರೆ ರಿಮೋಟನ್ನು ದೂರಬೇಡಿ. ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಟಿ.ವಿ.ಯ ಮುಂಬದಿಗೆ ತಂದಿಡಿ.