ಸೀಟಿನಡಿಯ ಮಚ್ಚು

ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರ ಪತ್ರ: 'ವಾರಕ್ಕೆರಡು ಸಲ ರಾತ್ರಿ ಹತ್ತರ ಮೇಲೆ ಶಿವಮೊಗ್ಗದಿಂದ ಹಣ ಇಟ್ಟುಕೊಂಡು ಕಾರಿನಲ್ಲಿ ಒಬ್ಬನೇ ಬರುತ್ತೇನೆ. ಕಳೆದ ತಿಂಗಳು ಇಬ್ಬರು ಬೈಕ್ ಅಡ್ಡ ಹಾಕಿದರು. ರಿವರ್ಸ್ ತೆಗೆದು ಹೇಗೋ ಪಾರಾದೆ. ಅಂದಿನಿಂದ ಸೀಟಿನಡಿ ಮಚ್ಚು ಇಟ್ಟಿದ್ದೇನೆ. ತಪ್ಪೇ? ಪಿಸ್ತೂಲಿಗೆ ಲೈಸೆನ್ಸ್ ಸಿಗುತ್ತದೆಯೇ?'

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಎದೆ ಝಲ್ಲೆಂದಿತು. ಜೀವ ಉಳಿಸಿಕೊಳ್ಳುವ ಹಕ್ಕು ನಿಮಗೆ ಖಂಡಿತ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಇದಕ್ಕೇ ಮೀಸಲು. ಪ್ರಾಣವೇ ಹೋದೀತೆಂಬ ಭಯ ಹುಟ್ಟಿಸುವ ಹಲ್ಲೆ ನಡೆದಾಗ, ತಡೆಯುವ ಭರದಲ್ಲಿ ಎದುರಾಳಿ ಸತ್ತರೂ ಅದು ಅಪರಾಧವಲ್ಲ. ಆದರೆ 37ನೇ ಕಲಮಿನ ಪ್ರಕಾರ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ತಪ್ಪಿಸಿಕೊಂಡು ಹೋದವನನ್ನು ಹುಡುಕಿಕೊಂಡು ಹೋಗಿ ಕಡಿದರೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಇನ್ನು ಮಚ್ಚು. ಪತ್ರ ಬಂದ ಸಂಜೆ ಕಚೇರಿ ಅಂಗಳದಲ್ಲಿ ನನ್ನ ಕಾರಿನಲ್ಲೇ ಕೂತು ನೋಡಿದೆ. ಸೀಟಿನಡಿ ಮರದ ಅಡಿಕೋಲು ಇಟ್ಟು, ಬೆಲ್ಟ್ ಹಾಕಿಕೊಂಡು, ಸಹೋದ್ಯೋಗಿಯನ್ನು ತೆರೆದ ಕಿಟಕಿಯ ಪಕ್ಕ ನಿಲ್ಲಿಸಿದೆ. ಸರಕ್ಕನೆ ಬಗ್ಗಿದೆ, ಬೆಲ್ಟ್ ಎದೆಗೆ ಬಿಗಿಯಿತು. ತಡಕಾಡಿ ಕೋಲೆತ್ತಿದರೆ ಸ್ಟೀರಿಂಗಿಗೆ ತಗುಲಿತು, ಮತ್ತೆ ಎತ್ತಿದರೆ ಚಾವಣಿಗೆ. ಅಷ್ಟರಲ್ಲಿ ಆತ ಒಳಗೆ ಕೈಹಾಕಿ ಅದನ್ನು ಕಿತ್ತುಕೊಂಡಿದ್ದ. ಮಚ್ಚಾಗಿದ್ದರೆ? ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಪೆಪ್ಪರ್ ಸ್ಪ್ರೇಯೂ ಅಷ್ಟೆ. ಮುಚ್ಚಿದ ಕಾರಿನೊಳಗೆ ಒತ್ತಿದರೆ ಮೊದಲು ಕಣ್ಣುರಿಯುವುದು ನಿಮಗೇ. ಪಿಸ್ತೂಲಿಗಾಗಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು, ಪೊಲೀಸ್ ವರದಿ ಮತ್ತು ತರಬೇತಿಯ ಪ್ರಮಾಣಪತ್ರ ಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ ಜೈಲು. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಕೂರುವುದು ಅದೇ ಸೀಟು, ಬಿಗಿಯುವುದು ಅದೇ ಬೆಲ್ಟು.

ಅವತ್ತು ನಿಮ್ಮನ್ನು ಉಳಿಸಿದ್ದು ರಿವರ್ಸ್ ಗೇರ್. ಅದನ್ನೇ ನಂಬಿ. ದಾರಿಯಲ್ಲಿ ನಿಲ್ಲಬೇಕಾದಾಗ, ಮುಂದಿನ ವಾಹನದ ಹಿಂಚಕ್ರ ರಸ್ತೆಗೆ ತಾಗಿರುವುದು ಕಾಣುವಷ್ಟು ಅಂತರ ಬಿಡಿ. ಹಿಂದೆ ಸರಿಯದೆಯೇ ಪಕ್ಕಕ್ಕೆ ಹೊರಳಿಸಿಕೊಳ್ಳಬಹುದು. ಡೋರ್ ಲಾಕ್ ಆಗಿರಲಿ, ಗಾಜು ಏರಿಸಿರಲಿ, ಎಂಜಿನ್ ಆರಿಸಬೇಡಿ. ಹಿಂದಿನಿಂದ ಯಾರಾದರೂ ಬೇಕೆಂದೇ ಗುದ್ದಿದಂತೆ ಕಂಡರೆ ಕತ್ತಲಲ್ಲಿ ಇಳಿಯಬೇಡಿ. 112ಕ್ಕೆ ಕರೆ ಮಾಡುತ್ತ ದೀಪವಿರುವ ಪೆಟ್ರೋಲ್ ಬಂಕಿನವರೆಗೆ ಹೋಗಿ. ಯಾರಿಗಾದರೂ ಪೆಟ್ಟಾಗಿದ್ದರೆ ಆ ಕರೆಯಲ್ಲೇ ಹೇಳಿ.

ಅದಿರಲಿ, ಆ ಹೊತ್ತಿನಲ್ಲಿ ಹಣ ಕಾರಿನಲ್ಲಿ ಏಕಿರಬೇಕು? ಬ್ಯಾಂಕ್ ಖಾತೆಯಿಂದ ಖಾತೆಗೆ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳೂ ನಡೆಯುತ್ತಿದೆ, ಮಂಡಿಯಲ್ಲಿ ಕೂತಲ್ಲೇ ದುಡ್ಡು ಖಾತೆಗೆ ಬಂದುಬಿಡುತ್ತದೆ. ಬೆಳೆಗಾರರು ನಗದೇ ಕೇಳುತ್ತಾರೆ ಎನ್ನುತ್ತೀರಿ, ಬಲ್ಲೆ. ಅವರಿಗೆ ಬೇಕಾದಷ್ಟನ್ನು ಮರುದಿನ ಬೆಳಿಗ್ಗೆ ನಿಮ್ಮೂರ ಬ್ಯಾಂಕಿನಿಂದಲೇ ತೆಗೆಯಿರಿ.

ಮಚ್ಚು ತೋಟಕ್ಕೆ ವಾಪಸು ಹೋಗಲಿ. ಮುಂದಿನ ಸಲ ಶಿವಮೊಗ್ಗ ಬಿಡುವಾಗ ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ. ಕ್ಷೇಮವಾಗಿ ತಲುಪಿದ ಮೇಲೆ ನನಗೂ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.