ಕೊಡಗಿನ ನಮ್ಮೂರಲ್ಲಿ ಯುವಕರಿಗೆ ಆಸಕ್ತಿಯೇ ಇಲ್ಲ, ಅವರನ್ನು ಅಭಿವೃದ್ಧಿ ಕೆಲಸಕ್ಕೆ ಇಳಿಸೋದು ಹೇಗೆ? ಮೊದಲು ಸಂಘ ನೋಂದಾಯಿಸಬೇಕಾ?

ಬೇಡ. ಸಂಘ, ಲೆಟರ್‌ಹೆಡ್, ಸೀಲು ಅಂತ ಶುರು ಮಾಡಿದವರಲ್ಲಿ ನಾವೂ ಇದ್ವಿ. ಸೋಮವಾರಪೇಟೆ ಕಡೆಯ ಪೈಸಾರಿ (ಸರ್ಕಾರಿ ಜಾಗದ) ಕಾಲೊನಿ, 34 ಮನೆ. ಟಾರ್ ರಸ್ತೆಗೆ ಬರೋ 180 ಮೀಟರ್ ಕಾಲುದಾರಿ ಜೂನ್ ಬಂತೆಂದರೆ ತೋಡೇ ಆಗಿಬಿಡ್ತಿತ್ತು. ಹನ್ನೊಂದು ಜನ ಅದೊಂದನ್ನೇ ಹಿಡ್ಕೊಂಡ್ವಿ. 2022ರ ಗ್ರಾಮಸಭೆಯಲ್ಲಿ ಬೇಡಿಕೆ ಒಪ್ಪಿಗೆ ಆಯ್ತು, ಕ್ರಿಯಾಯೋಜನೆಗೆ ಸೇರ್ತು, ಜೂನಿಯರ್ ಎಂಜಿನಿಯರ್ ಬಂದು ಟೇಪ್ ಹಿಡಿದರು. ಕೆಲಸ ಅಲ್ಲಿಗೇ ನಿಂತಿತು.

ತಪ್ಪು ಪಂಚಾಯಿತಿಯದ್ದಲ್ಲ, ನಮ್ಮದು. ನಮ್ಮ ಅರ್ಜಿಯಲ್ಲಿ ಇದ್ದದ್ದು ‘ಕಾಲೊನಿ ರಸ್ತೆ’ ಅಂತ ಎರಡೇ ಪದ. ಸರ್ವೆ ನಂಬರ್ ಇರಲಿಲ್ಲ. ದಾರಿಯ ಮೇಲಿನ ಅರ್ಧ ಪೈಸಾರಿ, ಕೆಳಗಿನ ಅರ್ಧ ಒಂದು ಕುಟುಂಬದ ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಜಾಗ), ಕಾಫಿ ತೋಟದ ಅಂಚು. ತೋಟದ ಹಿರಿಯರನ್ನು ಕೇಳಿದ್ದಕ್ಕೆ “ಮಾಡ್ಕೊಳ್ಳಿ ಮಕ್ಕಳೇ, ನಂದೇನು ಅಡ್ಡಿ” ಅಂದಿದ್ರು. ಅಷ್ಟು ಸಾಕು ಅಂದುಕೊಂಡ್ವಿ. ಸಾಲಲ್ಲ. ಜಮ್ಮಾ ಜಾಗ ಒಬ್ಬರ ಸ್ವತ್ತಲ್ಲ. ಆರ್‌ಟಿಸಿ (ಪಹಣಿ) ತೆಗೆದು ನೋಡಿದರೆ ಪಟ್ಟೇದಾರರ (ಕುಟುಂಬದ ಪರವಾಗಿ ಜಾಗ ಹೆಸರಲ್ಲಿರೋರ) ಜೊತೆ ಕುಟುಂಬದ ಇನ್ನೂ ಆರು ಹೆಸರು ಇತ್ತು. ಮೈಸೂರಿನಲ್ಲಿದ್ದ ಒಬ್ಬರು ತಕರಾರು ಅರ್ಜಿ ಹಾಕಿದರು, ಅವರ ಹಕ್ಕು ಅದು. ಖಾಸಗಿ ಜಾಗದಲ್ಲಿ ಪಂಚಾಯಿತಿ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳೋದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಹಾಗಾಗಿ ಅವರು ಫೈಲ್ ಮುಟ್ಟಲಿಲ್ಲ, ಹಣ ಬೇರೆ ವಾರ್ಡಿನ ಮೋರಿಗೆ ಹೋಯ್ತು. ಒಂದು ಪೂರ್ತಿ ವರ್ಷ ಹೋಯ್ತು.

ಕೊಡಗಲ್ಲಿ ಎಷ್ಟೋ ದಾರಿಗಳು ಯಾರದ್ದೋ ತೋಟದೊಳಗೇ ಹಾದು ಹೋಗೋದು. ಆದ್ದರಿಂದ ಬೇಡಿಕೆ ಬರೆಯೋಕೆ ಮುಂಚೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಆರ್‌ಟಿಸಿ ನೋಡಿ. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ಅಂತ ಗುರುತು ಇದೆಯಾ ನೋಡಿ. ಇದ್ದರೆ ಅರ್ಧ ಗೆದ್ದ ಹಾಗೆ. ಇಲ್ಲದಿದ್ದರೆ ಆರ್‌ಟಿಸಿಯಲ್ಲಿರೋ ಪ್ರತಿಯೊಬ್ಬರ ಸಹಿ ಬೇಕು. ದಾರಿಯ ಉದ್ದ, ಅಗಲ, ಎಲ್ಲಿಂದ ಎಲ್ಲಿವರೆಗೆ ಅನ್ನೋದು ಒಪ್ಪಿಗೆ ಪತ್ರದಲ್ಲೇ ಇರಬೇಕು. ಪಂಚಾಯಿತಿ ಹೆಸರಿಗೆ ದಾನಪತ್ರ ನೋಂದಣಿ ಆದರೆ ಇನ್ನೂ ಗಟ್ಟಿ. ಎರಡನೇ ಸಲ ನಾವು ಮಾಡಿದ್ದು ಇದನ್ನೇ: ಏಳೂ ಜನ ಊರಿಗೆ ಬರೋದು ಪುತ್ತರಿ ಸುಗ್ಗಿ ಹಬ್ಬಕ್ಕೆ ಅಂತ ಗೊತ್ತಿತ್ತು, ಮಾರನೇ ದಿನವೇ ಕಾಗದ ಹಿಡ್ಕೊಂಡು ಹೋದ್ವಿ.

ಇನ್ನು ‘ಯುವಕರಿಗೆ ಆಸಕ್ತಿಯೇ ಇಲ್ಲ’ ಅಂತ ನೀವು ಬರೆದಿದ್ದೀರಿ. ನಾನು ಒಪ್ಪಲ್ಲ. ವಾರದ ನಡುವೆ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕುಶಾಲನಗರದ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗಿ ಹೇಗೆ ಬರ್ತಾಳೆ? ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಲೈನ್‌ಮನೆಯವರು (ತೋಟದ ಕಾರ್ಮಿಕರು) ದಿನದ ಕೂಲಿ ಬಿಟ್ಟು ಬರಲ್ಲ. ಭಾನುವಾರ ಸಭೆ ಇಡಿ ಅಂತ ಪಂಚಾಯಿತಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ.

ಗ್ರಾಮಸಭೆಗಿಂತ ವಾರ್ಡ್ ಸಭೆಗೆ ಮೊದಲು ಹೋಗಿ. ಬೇಡಿಕೆ ಹುಟ್ಟಬೇಕಾದ ಜಾಗ ಅದು, ಜನವೂ ಕಡಿಮೆ. ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ನಡೀಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಸದಸ್ಯರೇ, ಸಂಘದ ಸೀಲು ಯಾರೂ ಕೇಳಲ್ಲ. 18 ಆಗದವರಿಗೆ ಮಕ್ಕಳ ಗ್ರಾಮಸಭೆ ಇದೆ. 21 ಆದರೆ ಚುನಾವಣೆಗೇ ನಿಲ್ಲಬಹುದು. ಸಂಘ ಬೇಕೇ ಬೇಕು ಅಂದರೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು. ಆದರೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸೋ ತಲೆನೋವು ಯಾರು ಹೊರ್ತಾರೆ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ.

ಹಣ ಯಾವ ಬಾಬ್ತಿನಿಂದ ಬರುತ್ತೆ ಅಂತ ನೋಡದೆ ಕೇಳಬೇಡಿ. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು, ಉಳಿದ ಶೇ 40ರಲ್ಲಿ ಇಡೀ ಪಂಚಾಯಿತಿಯ ದಾರಿಗಳೆಲ್ಲ ಪಾಲು ಕೇಳ್ತಿದ್ದವು. ನಾವು 180 ಮೀಟರ್ ಕಾಂಕ್ರೀಟ್ ಕೇಳೋದು ಬಿಟ್ಟು, ನೀರು ಅಡ್ಡ ಹಾಯೋ ಎರಡು ಜಾಗಕ್ಕೆ ಮೋರಿ ಕೇಳಿದ್ವಿ. ಫೋಟೋ ಜುಲೈನಲ್ಲೇ ತೆಗೆದಿಟ್ಟಿದ್ವಿ, ಮಗುವಿನ ಮೊಣಕಾಲವರೆಗೆ ಕೆಂಪು ನೀರು. ಫೆಬ್ರವರಿಯಲ್ಲಿ ಅದೇ ಜಾಗ ತೋರಿಸಿದರೆ ಯಾರಿಗೂ ತೊಂದರೆ ಕಾಣಲ್ಲ.

ಸಭೆ ಮುಗಿದ ಕೂಡಲೇ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಸರ್ವೆ ನಂಬರ್ ಸಮೇತ ಬರೆದಿದ್ದಾರಾ ಅಂತ ಓದಿ ನೋಡಿ. ‘ರಸ್ತೆ ಬಗ್ಗೆ ಚರ್ಚಿಸಲಾಯಿತು’ ಅಂತಿದ್ದರೆ ಅದು ಏನೂ ಅಲ್ಲ. ಪ್ರತಿ ಕೊಡದಿದ್ದರೆ 10 ರೂಪಾಯಿ ಮಾಹಿತಿ ಹಕ್ಕು ಅರ್ಜಿ, 30 ದಿನ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆಮೇಲೆ ಪಂಚಾಯಿತಿ ಕಾಮಗಾರಿಗಳನ್ನು ತೋರಿಸೋ ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಕಾಮಗಾರಿಯ ಹೆಸರು ಬಂದಿದೆಯಾ ಹುಡುಕಿ.

ಮೋರಿಯ ಪೈಪ್ ಬಗ್ಗೆ ಒಂದು ಮಾತು. ಅಂದಾಜು ಪಟ್ಟಿಯಲ್ಲಿ 30 ಸೆಂಟಿಮೀಟರ್ ಹ್ಯೂಮ್ (ಕಾಂಕ್ರೀಟ್) ಪೈಪ್ ಹಾಕಿದ್ದರು. ತೋಟದ ಪಕ್ಕ ಅದು ನಡೆಯಲ್ಲ, ಸಿಲ್ವರ್ ಓಕ್ ಮರದ ಎಲೆ ಮತ್ತು ಕಪಾತಿನ (ಗಿಡ ಸವರಿದ) ಕಡ್ಡಿ ಸೇರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತೆ. 60 ಮಾಡಿಸಿದ್ವಿ. ಆದರೂ ಮೇ ಕೊನೆಗೆ ಒಮ್ಮೆ, ಮಳೆ ಜೋರಾದ ಮೇಲೆ ವಾರಕ್ಕೊಮ್ಮೆ ಪೈಪಿನ ಬಾಯಿಯ ಕಸ ತೆಗೀಬೇಕು. ಪಾಳಿ ಪಟ್ಟಿ ಅಂಗನವಾಡಿ ಗೋಡೆ ಮೇಲಿದೆ, ಈ ವಾರ ನಂದು.