ಸಸ್ಯದ ಸಂಯುಕ್ತ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿದೆ. ಇಲಿಗಳ ಪ್ರಯೋಗಕ್ಕೆ ಮೊದಲು ಇನ್ನೆಷ್ಟು ಬಗೆಯ ಕೋಶಗಳ ಮೇಲೆ ಪರೀಕ್ಷಿಸಬೇಕು?

ಒಂದರ ಮೇಲೂ ಬೇಡ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಸಾಯುತ್ತಿವೆ, ಸಾಮಾನ್ಯ ಕೋಶಗಳು ಉಳಿಯುತ್ತಿವೆ ಎಂದು ನೀವು ಬರೆದ ಸಾಲು ನನ್ನ ಹಳೆಯ ನೋಟ್‌ಬುಕ್ಕಿನಿಂದ ಎತ್ತಿದಂತಿದೆ. ನನಗೆ ಆಗ ಸಿಕ್ಕ ಸಲಹೆ, ಇನ್ನೂ ಐದು ಬಗೆಯ ಕೋಶಗಳ ಮೇಲೆ ನೋಡು ಎಂಬುದು. ನೋಡಿದೆ. ಎರಡು ವರ್ಷ ಹೋಯಿತು.

ನನ್ನದು ಎಲೆಯಿಂದ ಬೇರ್ಪಡಿಸಿದ ಪಾಲಿಫಿನಾಲ್, ಅಂದರೆ ಹಲವು ಹೈಡ್ರಾಕ್ಸಿಲ್ ಗುಂಪುಗಳಿರುವ ಸಸ್ಯದ ಅಣು. ಐದೂ ಬಗೆಯ ಕ್ಯಾನ್ಸರ್ ಕೋಶಗಳು ಸತ್ತವು. ಫೈಬ್ರೊಬ್ಲಾಸ್ಟ್ ಎಂಬ ಚರ್ಮದ ಸಾಮಾನ್ಯ ಕೋಶಗಳು ಮಾತ್ರ ಅದೇ ಪ್ರಮಾಣಕ್ಕೆ ಜಗ್ಗಲಿಲ್ಲ. ಕೋಶ ತಾನಾಗಿ ಸಾಯುವಾಗ ಚುರುಕಾಗುವ ಕ್ಯಾಸ್ಪೇಸ್ ಕಿಣ್ವಗಳ ಚಟುವಟಿಕೆ, ತುಂಡಾದ ಡಿಎನ್‌ಎ, ಎಲ್ಲದರ ಚಿತ್ರಗಳೂ ಸಿದ್ಧವಾಗಿದ್ದವು. ಲೇಖನ ಓದಿದ ವಿಮರ್ಶಕರು ಕೇಳಿದ್ದು ಒಂದೇ: ಮೀಡಿಯಂಗೆ, ಅಂದರೆ ಕೋಶಗಳನ್ನು ಬೆಳೆಸುವ ದ್ರವಕ್ಕೆ, ಕ್ಯಾಟಲೇಸ್ ಕಿಣ್ವ ಸೇರಿಸಿ ಮತ್ತೆ ಮಾಡಿ. ಮಾಡಿದೆ. ಕೋಶಗಳು ಸಾಯಲೇ ಇಲ್ಲ.

ಅಲ್ಲಿ ನಡೆದದ್ದು ಇಷ್ಟು. ಒಂದೇ ಉಂಗುರದಲ್ಲಿ ಅಕ್ಕಪಕ್ಕ ಎರಡು ಮೂರು ಹೈಡ್ರಾಕ್ಸಿಲ್ ಗುಂಪುಗಳಿರುವ ಅಣು 37 ಡಿಗ್ರಿಯ ಮೀಡಿಯಂನಲ್ಲಿ ಸುಮ್ಮನಿರುವುದಿಲ್ಲ. ಕರಗಿರುವ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕೋಶವೇ ಇಲ್ಲದ ತಟ್ಟೆಯಲ್ಲೂ ಹುಟ್ಟುತ್ತದೆ! ಕ್ಯಾಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನನ್ನ ಕೋಶಗಳನ್ನು ಕೊಂದದ್ದು ಗಿಡದ ಅಣುವಲ್ಲ, ಆ ಪೆರಾಕ್ಸೈಡ್.

ಹಾಗಾದರೆ ಸಾಮಾನ್ಯ ಕೋಶಗಳು ಉಳಿದದ್ದು ಹೇಗೆ? ಇದನ್ನು ಹುಡುಕಲು ಮತ್ತೊಂದು ತಿಂಗಳು ಬೇಕಾಯಿತು. ಕ್ಯಾನ್ಸರ್ ಕೋಶಗಳನ್ನೆಲ್ಲ ಆರ್‌ಪಿಎಂಐ 1640 ಎಂಬ ಮೀಡಿಯಂನಲ್ಲಿ, ಫೈಬ್ರೊಬ್ಲಾಸ್ಟ್‌ಗಳನ್ನು ಡಿಎಂಇಎಂ ಎಂಬ ಇನ್ನೊಂದರಲ್ಲಿ ಬೆಳೆಸುತ್ತಿದ್ದೆ. ನಾನು ತರಿಸಿದ್ದ ಡಿಎಂಇಎಂನಲ್ಲಿ ಸೋಡಿಯಂ ಪೈರುವೇಟ್ ಇತ್ತು, ಆರ್‌ಪಿಎಂಐಯಲ್ಲಿ ಇರಲಿಲ್ಲ. ಪೈರುವೇಟ್ ಪೆರಾಕ್ಸೈಡಿನೊಂದಿಗೆ ನೇರವಾಗಿ ವರ್ತಿಸಿ ಅದನ್ನು ಮುಗಿಸಿಬಿಡುತ್ತದೆ. ಕ್ಯಾನ್ಸರ್ ಕೋಶಗಳನ್ನಷ್ಟೇ ಆಯ್ದು ಕೊಲ್ಲುತ್ತದೆ ಎಂದು ನಾನು ಹೆಮ್ಮೆಯಿಂದ ಬರೆದದ್ದು ಎರಡು ಬಾಟಲಿಗಳ ನಡುವಿನ ವ್ಯತ್ಯಾಸವಾಗಿತ್ತು. ಲೇಬಲ್ ಎರಡು ವರ್ಷವೂ ಕಣ್ಣೆದುರೇ ಇತ್ತು. ಅಂಥ ಐದು ಬಗೆಯ ಕೋಶಗಳು ನನಗೆ ಒಂದೇ ತಪ್ಪನ್ನು ಐದು ಸಲ ದೃಢಪಡಿಸಿದವು, ಅಷ್ಟೇ.

ಆದ್ದರಿಂದ ಈ ವಾರವೇ ಎರಡೂ ಬಗೆಯ ಕೋಶಗಳನ್ನು ಒಂದೇ ಮೀಡಿಯಂನಲ್ಲಿ, ಪೈರುವೇಟ್ ಇಲ್ಲದೆ, ಕ್ಯಾಟಲೇಸ್ ಹಾಕಿ ಮತ್ತು ಹಾಕದೆ ಪರೀಕ್ಷಿಸಿ. ಬದುಕಿರುವ ಕೋಶಗಳು ನೇರಳೆಗೆ ತಿರುಗಿಸುವ ಎಂಟಿಟಿ ಬಣ್ಣದ ಪರೀಕ್ಷೆಯೊಂದನ್ನೇ ನಂಬಬೇಡಿ, ಪಾಲಿಫಿನಾಲ್ ತಾನೇ ಆ ಬಣ್ಣವನ್ನು ನೇರಳೆಗೆ ತಿರುಗಿಸಬಲ್ಲದು. ಸತ್ತ ಮತ್ತು ಬದುಕಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ.

ಇಲಿಗಳ ವಿಷಯದಲ್ಲಿ ಅವಸರ ಬೇಡ. ಕ್ಯಾನ್ಸರ್ ವಿರುದ್ಧ ನಿಜಕ್ಕೂ ಕೆಲಸ ಮಾಡುವ ಸಸ್ಯದ ಅಣುವಿಗೂ ದಾರಿ ಉದ್ದ. ಕ್ಯಾಂಪ್ಟೊಥೆಸಿನ್ ಅಂಥದ್ದು. ರಸಾಯನವಿಜ್ಞಾನಿಗಳಾದ ವಾಲ್ ಮತ್ತು ವಾನಿ ಅದರ ರಚನೆಯನ್ನು ಪ್ರಕಟಿಸಿದ್ದು 1966ರಲ್ಲಿ. ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಅಣುವಿನ ಒಂದು ಉಂಗುರ ತೆರೆದು ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವ ಕಾಣಿಸಿಕೊಂಡು ಪ್ರಯೋಗ ನಿಂತಿತು. ಅದು ಡಿಎನ್‌ಎಯ ತಿರುಚು ಸಡಿಲಿಸುವ ಟೊಪೊಐಸೊಮರೇಸ್-1 ಕಿಣ್ವವನ್ನು ಹಿಡಿಯುತ್ತದೆ ಎಂದು 1985ರಲ್ಲಿ ತಿಳಿದ ಮೇಲೆ ಆಸಕ್ತಿ ಮರಳಿತು. ಅದರಿಂದ ರೂಪಿಸಿದ ಔಷಧಗಳಾದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ.

ಕ್ಯಾಟಲೇಸ್ ಇದ್ದರೂ ನಿಮ್ಮ ಕೋಶಗಳು ಸತ್ತರೆ ದಯವಿಟ್ಟು ಬರೆಯಿರಿ. ಆಗ ಮೊದಲು ಕೇಳುವುದು, ನಿಮ್ಮ ಅಣು ನೀರಿನಲ್ಲಿ ಎಷ್ಟು ಕರಗುತ್ತದೆ ಎಂದು.